ಸ್ವಿಫ್ಟ್ 40 ಮಿ.ಮೀ. ಇಳಿಸಬೇಕು, ಸ್ಪ್ರಿಂಗ್ ಕಟ್ ಮಾಡಿಸ್ಲಾ?

ಪ್ರಶ್ನೆ: ಅಣ್ಣ, ನನ್ನದು 2019ರ ಪೆಟ್ರೋಲ್ ಸ್ವಿಫ್ಟ್, 62 ಸಾವಿರ ಕಿ.ಮೀ. ಓಡಿದೆ. ಊರು ಗುಬ್ಬಿ ಹತ್ತಿರ, ದಿನಾ ತುಮಕೂರಿಗೆ ಕೆಲಸಕ್ಕೆ ಬಂದು ಹೋಗ್ತೀನಿ. ಟೈರಿಗೂ ಮೇಲಿನ ಆರ್ಚ್‌ಗೂ ನಡುವೆ ಕೈ ತೂರುವಷ್ಟು ಜಾಗ ಇದೆ, ನೋಡೋಕೆ ಚೆನ್ನಾಗಿಲ್ಲ. 40 ಮಿ.ಮೀ. ಇಳಿಸಬೇಕು ಅಂತ ಆಸೆ. ಒಬ್ಬರು ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿ ಕೊಡ್ತೀನಿ, ಅರ್ಧ ದಿನದ ಕೆಲಸ ಅಂದ್ರು. ಇನ್ನೊಬ್ಬರು ಲೋಯರಿಂಗ್ ಸ್ಪ್ರಿಂಗ್ ಸೆಟ್ ಹಾಕ್ಸು, ಶಾಕಪ್ (ಶಾಕ್ ಅಬ್ಸಾರ್ಬರ್) ಹಳೇದೇ ಇರ್ಲಿ ಅಂದ್ರು. ಯಾವುದು ಸರಿ? ಜೊತೆಗೆ ಇನ್ನೇನು ಬದಲಾಯಿಸಬೇಕು? ವಾರಕ್ಕೊಮ್ಮೆ ಅಪ್ಪ ಇದೇ ಕಾರಲ್ಲಿ ಬೂಸಾ ಮೂಟೆ ತರ್ತಾರೆ, ಅವರು ಸುತರಾಂ ಒಪ್ತಿಲ್ಲ.

ಉತ್ತರ: ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಡಿಕ್ಕಿಗೆ ಎರಡು ಮೂಟೆ ಬಿದ್ದಾಗ ಕಾರಿನ ಹಿಂಭಾಗ ಎಷ್ಟು ಕೂರುತ್ತದೆ ಅಂತ ವಾರವಾರ ಕಣ್ಣಾರೆ ನೋಡಿದವರು ಅವರು. ಹಾಗಂತ ಇಳಿಸಲೇಬೇಡಿ ಅನ್ನುವವನಲ್ಲ ನಾನು. ಅಂತರಸನಹಳ್ಳಿ ಕಡೆ ಇಪ್ಪತ್ತು ವರ್ಷದಿಂದ ಸಸ್ಪೆನ್ಷನ್, ಅಲೈನ್‌ಮೆಂಟ್ ಕೆಲಸವನ್ನೇ ಮಾಡಿಕೊಂಡಿದ್ದೇನೆ, ನನ್ನ ಸ್ವಂತ ಕಾರೂ 25 ಮಿ.ಮೀ. ಇಳಿದೇ ಇದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎತ್ತರದ ಲೆಕ್ಕ ಇದೆ, ಟ್ರಾವೆಲ್‌ನ ಲೆಕ್ಕ ಇಲ್ಲ. ಇಳಿಸುವಾಗ ನೀವು ಖರ್ಚು ಮಾಡುವುದು ಟ್ರಾವೆಲ್ ಅನ್ನು. ಎತ್ತರ ಬರೀ ಹೊರಗೆ ಕಾಣುವ ಭಾಗ.

ಟ್ರಾವೆಲ್ ಅಂದರೆ ಏನು ಅಂತ ನಿಮ್ಮ ಕಾರಲ್ಲೇ ನೋಡಬಹುದು. ಮುಂದಿನ ಚಕ್ರ ಪೂರ್ತಿ ಒಂದು ಕಡೆಗೆ ತಿರುಗಿಸಿ ಟಾರ್ಚ್ ಹಿಡಿದು ಒಳಗೆ ಇಣುಕಿ. ಸ್ಪ್ರಿಂಗ್ ಒಳಗೆ ಶಾಕಪ್‌ನ ಹೊಳೆಯುವ ರಾಡ್ ಇದೆ, ಮೇಲೆ ಧೂಳು ಹೋಗದಂತೆ ರಬ್ಬರ್ ಕವರ್ ಇದೆ. ಕವರ್ ಎತ್ತಿದರೆ ರಾಡ್‌ನ ಮೇಲ್ತುದಿಯಲ್ಲಿ ಹಳದಿಯೋ ಕಪ್ಪೋ ಒಂದು ಸ್ಪಂಜಿನಂಥ ತುಂಡು ಸಿಗುತ್ತದೆ. ಅದೇ ಬಂಪ್ ಸ್ಟಾಪ್. ಕಾರು ಸಮತಟ್ಟು ನೆಲದ ಮೇಲೆ ನಿಂತಿರುವಾಗ ಶಾಕಪ್ ಬಾಡಿಯ ತಲೆಯಿಂದ ಆ ಬಂಪ್ ಸ್ಟಾಪ್ ತನಕ ಬರಿದಾಗಿ ಕಾಣುವ ರಾಡ್ ಎಷ್ಟಿದೆಯೋ, ಗುಂಡಿಯಲ್ಲಿ ಚಕ್ರ ಮೇಲೆ ಏಳಲು ಹೆಚ್ಚುಕಮ್ಮಿ ಅಷ್ಟೇ ಜಾಗ. ಆ ರಾಡ್‌ಗೆ ಒಂದು ತೆಳ್ಳನೆ ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಬಾಡಿಯ ತಲೆಗೆ ತಾಗುವ ತನಕ ಕೆಳಗೆ ತಳ್ಳಿ. ನಂತರ ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲೇ ಓಡಿಸಿ, ಗುಬ್ಬಿ ರಸ್ತೆ, ಊರೊಳಗಿನ ರಸ್ತೆ, ಬಿ.ಎಚ್. ರಸ್ತೆ, ಎಲ್ಲ. ವಾರದ ಕೊನೆಗೆ ಕೇಬಲ್ ಟೈ ಎಷ್ಟು ಮೇಲೆ ಹೋಗಿ ಕೂತಿದೆ ನೋಡಿ. ತುಂಬಾ ಜನರ ಕಾರಲ್ಲಿ ಅದು ಬಂಪ್ ಸ್ಟಾಪ್‌ಗೆ ಒತ್ತಿಕೊಂಡೇ ಇರುತ್ತದೆ, ಏನೂ ಮಾಡಿಸದ ಕಂಪನಿ ಕಾರಲ್ಲೂ. ಅಂದರೆ ಇರುವ ಜಾಗವನ್ನು ನಮ್ಮ ರಸ್ತೆ ಈಗಾಗಲೇ ಪೂರ್ತಿ ಬಳಸಿಕೊಳ್ಳುತ್ತಿದೆ.

ಈಗ ಲೆಕ್ಕ. ನಿಮ್ಮ ಕಾರಲ್ಲಿ ಬರಿ ರಾಡ್ 60 ಮಿ.ಮೀ. ಸಿಕ್ಕಿತು ಅಂತಿಟ್ಟುಕೊಳ್ಳಿ. 40 ಇಳಿಸಿದರೆ ಉಳಿಯುವುದು 20. ಅದೇ ಗುಂಡಿ, ಅದೇ ಸ್ಪೀಡು, ಅದೇ ಹೊಡೆತ, ಆದರೆ ಮೊದಲು 60 ಮಿ.ಮೀ.ನಲ್ಲಿ ನಿಧಾನಕ್ಕೆ ತಡೆದಿದ್ದನ್ನು ಈಗ 20ರಲ್ಲಿ ತಡೆಯಬೇಕು. ಸ್ಪ್ರಿಂಗ್ ಹೊಡೆತ ಹೀರುವ ಶಕ್ತಿ ಟ್ರಾವೆಲ್‌ನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಯ) ಮೇಲೆ ನಿಂತಿದೆ. ಹಾಗಾಗಿ ಮೂರನೇ ಒಂದು ಭಾಗ ಜಾಗದಲ್ಲಿ ಅದೇ ಕೆಲಸ ಆಗಬೇಕಾದರೆ ಸ್ಪ್ರಿಂಗ್ 9 ಪಟ್ಟು ಗಟ್ಟಿ ಇರಬೇಕು. ಮಾರ್ಕೆಟ್‌ನಲ್ಲಿ ಸಿಗುವ ರಸ್ತೆ ಬಳಕೆಯ ಲೋಯರಿಂಗ್ ಸ್ಪ್ರಿಂಗ್‌ಗಳು ಸಾಮಾನ್ಯವಾಗಿ ಶೇ. 20-30ರಷ್ಟು ಗಟ್ಟಿ ಇರುತ್ತವೆ ಅಷ್ಟೇ. ಉಳಿದ ಹೊಡೆತವೆಲ್ಲ ಎಲ್ಲಿಗೆ ಹೋಗಬೇಕು? ಬಂಪ್ ಸ್ಟಾಪ್‌ಗೆ, ಅದನ್ನೂ ದಾಟಿದರೆ ಮೇಲಿನ ಮೌಂಟಿಂಗ್‌ಗೆ, ಬಾಡಿಗೆ, ನಿಮ್ಮ ಸೊಂಟಕ್ಕೆ. 25 ಇಳಿಸಿದರೆ 35 ಉಳಿಯುತ್ತದೆ, ಆಗ ಬೇಕಾಗುವುದು ಸುಮಾರು 3 ಪಟ್ಟು. ಅದೂ ಸ್ಪ್ರಿಂಗ್ ಒಂದರಿಂದ ಸಿಗಲ್ಲ, ಆದರೆ ಒಳ್ಳೇ ಬಂಪ್ ಸ್ಟಾಪ್ ಮತ್ತು ಒಳ್ಳೇ ಶಾಕಪ್ ಸೇರಿ ಅದನ್ನು ಸಂಭಾಳಿಸಬಹುದು. 40 ಬೇಡ, 25 ಸಾಕು ಅಂತ ನಾನು ಬರುವವರಿಗೆಲ್ಲ ಹೇಳುವುದು ಈ ಕಾರಣಕ್ಕೆ. ಇಳಿದ ಕಾರು ನನಗೂ ಇಷ್ಟವೇ, ಇಲ್ಲ ಅಂದರೆ ನನ್ನ ಕಾರು ಯಾಕೆ ಇಳಿಯುತ್ತಿತ್ತು ಹೇಳಿ.

ಸ್ಪ್ರಿಂಗ್ ಕಟ್ ಮಾಡುವ ವಿಷಯಕ್ಕೆ ಬರೋಣ. ಕಟ್ ಮಾಡಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಕೆಲಸ ಮಾಡುವ ಸುತ್ತು 5 ಇದ್ದು ಒಂದು ಕತ್ತರಿಸಿದರೆ 4 ಉಳಿಯುತ್ತದೆ, ಸ್ಪ್ರಿಂಗ್ ಶೇ. 25ರಷ್ಟು ಗಟ್ಟಿಯೇ ಆಗುತ್ತದೆ. ಹಾಗಾದರೆ ಅದೇ ಚೆನ್ನಾಯ್ತಲ್ಲ, ಕಂಪನಿ ಲೋಯರಿಂಗ್ ಸ್ಪ್ರಿಂಗ್ ಮಾಡುವುದನ್ನೇ ಇದೂ ಮಾಡಿತು ಅನ್ನಬಹುದು. ಅಲ್ಲೇ ಮೋಸ ಇರುವುದು. ಸ್ಪ್ರಿಂಗ್‌ನ ತುದಿ ಕೂರಲು ಕೆಳಗೊಂದು ಮೇಲೊಂದು ಸೀಟು ಇರುತ್ತದೆ, ತುದಿಯ ಸುತ್ತು ಆ ಸೀಟಿಗೆ ತಕ್ಕಂತೆ ಬಾಗಿರುತ್ತದೆ. ಕತ್ತರಿಸಿದ ತುದಿಗೆ ಆ ಬಾಗು ಇಲ್ಲ. ಅದು ಸೀಟಿನ ಒಂದೇ ಜಾಗದಲ್ಲಿ ಚುಚ್ಚಿಕೊಂಡು ನಿಲ್ಲುತ್ತದೆ, ರಬ್ಬರ್ ಕಡಿಯುತ್ತದೆ, ಆಮೇಲೆ ಲೋಹ ಕಡಿಯುತ್ತದೆ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ದರೆ ಇನ್ನೂ ಕೆಟ್ಟದ್ದು, ಆ ಬಿಸಿಗೆ ಸ್ಪ್ರಿಂಗ್ ಸ್ಟೀಲಿನ ಹದ ಹೋಗುತ್ತದೆ. ಕತ್ತರಿಸದೆ ಬರೀ ಕಾಯಿಸಿ ಕೂರಿಸುವವರೂ ಇದ್ದಾರೆ. ಅವರ ಹತ್ತಿರ ಕಾರು ಬಿಡುವುದಿರಲಿ, ಕೀ ಕೂಡ ಕೊಡಬೇಡಿ.

ಇದಕ್ಕಿಂತ ದೊಡ್ಡ ತೊಂದರೆ ಚಕ್ರ ಕೆಳಗೆ ಇಳಿದಾಗ ಬರುತ್ತದೆ. ಹಳ್ಳ ದಾಟುವಾಗ ಚಕ್ರ ಒಂದು ಕ್ಷಣ ಜೋತು ಬೀಳುತ್ತದೆ ಅಲ್ವಾ, ಆಗಲೂ ಸ್ಪ್ರಿಂಗ್ ಸೀಟಿಗೆ ಸ್ವಲ್ಪ ಒತ್ತಿಕೊಂಡಿರಬೇಕು. ಗಿಡ್ಡ ಮಾಡಿದ ಸ್ಪ್ರಿಂಗ್ ಆಗ ಸಡಿಲವಾಗಿ ಅಲ್ಲಾಡುತ್ತದೆ. ನಿಮ್ಮ ಸ್ವಿಫ್ಟ್‌ನ ಹಿಂದುಗಡೆ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಸ್ಪ್ರಿಂಗ್ ಆಕ್ಸಲ್ ಬೀಮ್‌ಗೂ (ಎರಡೂ ಹಿಂದಿನ ಚಕ್ರ ಜೋಡಿಸುವ ಅಡ್ಡ ತೊಲೆ) ಬಾಡಿಗೂ ಮಧ್ಯೆ ಸುಮ್ನೆ ನಿಂತಿರುತ್ತದೆ, ಬೋಲ್ಟ್ ಹಾಕಿ ಹಿಡಿದಿರಲ್ಲ. ಎರಡು ವರ್ಷದ ಹಿಂದೆ ಮಧುಗಿರಿ ಕಡೆಯಿಂದ ಇಂಥದ್ದೇ ಒಂದು ಕಾರು ಬಂತು, ಹಿಂದೆ ಎಡಕ್ಕೆ ವಾಲಿಕೊಂಡು. ಜಾಕಿ ಹಾಕಿ ಎತ್ತಿ ನೋಡಿದರೆ ಬಲಗಡೆ ಕತ್ತರಿಸಿದ ಸ್ಪ್ರಿಂಗ್ ಸೊಟ್ಟಗೆ ನಿಂತಿದೆ, ಎಡಗಡೆ ಸ್ಪ್ರಿಂಗೇ ಇಲ್ಲ! ಬೀಮ್ ನೇರವಾಗಿ ಬಂಪ್ ಸ್ಟಾಪ್ ಮೇಲೆ ಕೂತಿದೆ. ಹಿಂದಿನ ದಿನ ಮೋರಿ ಹತ್ತಿರ ಟಣ್ ಅಂತ ಶಬ್ದ ಬಂತು, ಸೈಲೆನ್ಸರ್ ಕ್ಲಾಂಪ್ ಇರಬೇಕು ಅಂದುಕೊಂಡೆ ಅಂದರು ಓನರ್. ಆಮೇಲೆ ವಾಪಸ್ ಹೋಗಿ ಹುಡುಕಿದರೆ ಕುರಿ ಕಾಯುವ ಹುಡುಗನೊಬ್ಬ ಅದನ್ನು ಎತ್ತಿಟ್ಟಿದ್ದನಂತೆ. ಹಿಂದೆ ಬೈಕ್‌ನವರು ಯಾರೂ ಬರುತ್ತಿರಲಿಲ್ಲ, ಪುಣ್ಯ. ಹಾಗಾಗಿ ಕಟಿಂಗ್ ಕೇಳಲೇಬೇಡಿ.

ಇನ್ನು ಎರಡನೆಯವರ ಸಲಹೆ, ಹೊಸ ಸ್ಪ್ರಿಂಗ್ ಹಳೇ ಶಾಕಪ್. ಇದು ಅರ್ಧ ಸರಿ. ಸ್ಪ್ರಿಂಗ್ ಶೇ. 30 ಗಟ್ಟಿಯಾದರೆ ಅದು ವಾಪಸ್ ಚಿಮ್ಮುವುದನ್ನು ಹಿಡಿಯಲು ಶಾಕಪ್‌ಗೆ ಸುಮಾರು ಶೇ. 14 ಜಾಸ್ತಿ ಹಿಡಿತ ಬೇಕು. ಹೊಸ ಕಂಪನಿ ಶಾಕಪ್ ಆಗಿದ್ದರೆ ಅಷ್ಟನ್ನು ಹೇಗೋ ತೂಗಿಸಿಕೊಂಡು ಹೋಗುತ್ತದೆ. 62 ಸಾವಿರ ಓಡಿದ ಶಾಕಪ್‌ಗೆ ತನ್ನ ಕೆಲಸವೇ ಸಾಕಾಗಿರುತ್ತದೆ. ಮೇಲಿಂದ ಅದರ ಪಿಸ್ಟನ್ ಇಷ್ಟು ವರ್ಷ ಟ್ಯೂಬಿನ ಒಂದು ಭಾಗದಲ್ಲಿ ಉಜ್ಜಿದೆ, ಈಗ ಏಕ್‌ದಂ ಕೆಳಗಿನ ಭಾಗದಲ್ಲಿ ಓಡಬೇಕು. ನಾಲ್ಕಾರು ತಿಂಗಳಲ್ಲಿ ಸೀಲ್ ಬಿಟ್ಟು ಎಣ್ಣೆ ಒಸರಲು ಶುರುವಾದ ಎಷ್ಟೋ ಕಾರು ನೋಡಿದ್ದೇನೆ. ಆಗ ಮತ್ತೆ ಬಿಚ್ಚುವುದು, ಮತ್ತೆ ಲೇಬರ್, ಮತ್ತೆ ಅಲೈನ್‌ಮೆಂಟ್. ಸ್ಪ್ರಿಂಗ್, ಶಾಕಪ್ ಮಾಡುವ ಕಂಪನಿಗಳಿಗೂ ಇದು ಗೊತ್ತು. ಬಿಲ್‌ಸ್ಟೈನ್‌ನವರ ಬಿ6 ಮಾಮೂಲಿ ಎತ್ತರದ ಕಾರಿಗೆ, ಬಿ8 ಗಿಡ್ಡ ಸ್ಪ್ರಿಂಗ್‌ಗೆ ಅಂತಲೇ ಕಡಿಮೆ ಉದ್ದದಲ್ಲಿ ಮಾಡಿದ್ದು. ಐಬಾಕ್ ಸ್ಪ್ರಿಂಗ್ ಮತ್ತು ಆ ಬಿ8 ಎರಡನ್ನೂ ಸೇರಿಸಿ ಬಿ12 ಅಂತ ಒಂದೇ ಡಬ್ಬದಲ್ಲಿ ಮಾರುತ್ತಾರೆ. ಸುಮ್ನೆ ಜೋಡಿ ಮಾಡಿದ್ದಲ್ಲ ಅದು. ನಿಮಗೆ ಜರ್ಮನ್ ಶಾಕಪ್ಪೇ ಬೇಕು ಅಂತಿಲ್ಲ. ದುಡ್ಡು ಕಮ್ಮಿ ಇದ್ದರೆ 20-25 ಮಿ.ಮೀ. ಇಳಿಸುವ ಸ್ಪ್ರಿಂಗ್ ತಗೊಂಡು ಜೊತೆಗೆ ನಾಲ್ಕೂ ಹೊಸ ಕಂಪನಿ ಶಾಕಪ್ ಹಾಕಿಸಿ. 40 ಮಿ.ಮೀ. ಸ್ಪ್ರಿಂಗ್ ಹಳೇ ಶಾಕಪ್‌ಗಿಂತ ಅದು ಎಷ್ಟೋ ವಾಸಿ.

ಸ್ಪ್ರಿಂಗ್ ತಗೊಳ್ಳುವಾಗ ಒಂದು ವಿಷಯ ನೋಡಿ. ಡಬ್ಬದ ಮೇಲೆ ನಿಮ್ಮ ಮಾಡೆಲ್, ವರ್ಷ, ಇಂಜಿನ್ ಮೂರೂ ಇರಬೇಕು. 2019ರಲ್ಲಿ ಸ್ವಿಫ್ಟ್ ಡೀಸೆಲ್‌ನಲ್ಲೂ ಬರುತ್ತಿತ್ತು, ಡೀಸೆಲ್ ಇಂಜಿನ್ ಭಾರ ಜಾಸ್ತಿ. ಡೀಸೆಲ್‌ನ ಮುಂದಿನ ಸ್ಪ್ರಿಂಗ್ ಪೆಟ್ರೋಲ್ ಕಾರಿಗೆ ಹಾಕಿದರೆ ಮೂತಿ ಮೇಲೆ, ಹಿಂದೆ ಕೆಳಗೆ. ಓಟಕ್ಕೆ ಹೊರಟ ದೋಣಿ ಹಾಗೆ ಕಾಣುತ್ತದೆ. "ಹೊಂದುತ್ತೆ ಬಿಡಿ ಸಾರ್" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಇನ್ನೊಂದು, ಅಪ್ಪ ಮೂಟೆ ತರುವ ಕಾರಾದ್ದರಿಂದ ಕೇಳುತ್ತೇನೆ, ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ಏನಾದರೂ ಸಿಕ್ಕಿಸಿದ್ದಾರಾ? ಹಳ್ಳಿ ಕಡೆ ಕಾರುಗಳಲ್ಲಿ ಅರ್ಧಕ್ಕರ್ಧ ಸಿಗುತ್ತದೆ. ಇದ್ದರೆ ಮೊದಲು ತೆಗೆದು ನೋಡಿ. ನಿಮಗೆ ಎತ್ತರ ಅನ್ನಿಸುತ್ತಿರುವುದರಲ್ಲಿ ಒಂದಿಷ್ಟು ಅದರದ್ದೇ ಇರಬಹುದು, ಪುಕ್ಕಟೆ ಇಳಿದಂತಾಯಿತು.

ಜೊತೆಗೆ ಬದಲಾಯಿಸಬೇಕಾದ್ದು ಅಂತ ಕೇಳಿದ್ದೀರಿ. ಮುಂದಿನ ಶಾಕಪ್ ಹೇಗೂ ಬಿಚ್ಚುವುದರಿಂದ ಮೇಲಿನ ಮೌಂಟಿಂಗ್, ಅದರ ಬೇರಿಂಗ್, ಡಸ್ಟ್ ಕವರ್ ಹೊಸದು ಹಾಕಿಬಿಡಿ. ಸ್ಟೇರಿಂಗ್ ತಿರುಗಿಸಿದಾಗ ಟಕ್ ಟಕ್ ಅನ್ನುವುದು ಬಹಳ ಸಲ ಆ ಬೇರಿಂಗೇ. ಬಂಪ್ ಸ್ಟಾಪ್ ಹಳೇದು ಮುಟ್ಟಿದರೆ ಪುಡಿಪುಡಿಯಾಗುತ್ತದೆ, ಅದನ್ನು ವಾಪಸ್ ಹಾಕುವುದು ಅಂದರೆ ಹಾಕದೇ ಇರುವುದು. ಗಿಡ್ಡ ಸ್ಪ್ರಿಂಗ್ ಜೊತೆ ಬಂದಿರುವ ಬಂಪ್ ಸ್ಟಾಪ್ ಇದ್ದರೆ ಅದನ್ನೇ ಬಳಸಿ. ಹಳೇ ಬಂಪ್ ಸ್ಟಾಪನ್ನೇ ಕತ್ತರಿಸಿ ಹಾಕಿ ಅಂತ ಕೆಲವು ಕಿಟ್‌ನಲ್ಲಿ ಬರೆದಿರುತ್ತಾರೆ, ಎಷ್ಟು ಬರೆದಿದ್ದಾರೋ ಅಷ್ಟೇ ಕತ್ತರಿಸಬೇಕು. ಜಾಸ್ತಿ ಟ್ರಾವೆಲ್ ಸಿಗಲಿ ಅಂತ ಪೂರ್ತಿ ತೆಗೆದುಬಿಟ್ಟರೆ ಶಾಕಪ್ ಒಳಗಿನ ಪಿಸ್ಟನ್ ಹೋಗಿ ತಳದ ವಾಲ್ವ್‌ಗೆ ಬಡಿಯುತ್ತದೆ. ಶಾಕಪ್ ಒಂದೇ ಗುಂಡಿಗೆ ಮಟಾಷ್. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಜರ್‌ನ ಲಿಂಕ್ ರಾಡ್ 25 ಮಿ.ಮೀ.ಗೆ ಹಳೇ ಉದ್ದದ್ದೇ ನಡೆಯುತ್ತದೆ. ಪ್ಲೇ (ಸಡಿಲ) ಇದ್ದರೆ ಮಾತ್ರ ಹೊಸದು ಹಾಕಿ.

ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು) ಬುಷ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ಪಾಠ ಕಲಿತವನು. ಆ ಬುಷ್ ಅಂದರೆ ಒಳಗೊಂದು ಕಬ್ಬಿಣದ ಕೊಳವೆ, ಸುತ್ತ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಶುರುವಿನ ದಿನಗಳಲ್ಲಿ ನಾನು ಕಾರು ಲಿಫ್ಟ್ ಮೇಲೆ ಇರುವಾಗಲೇ, ಚಕ್ರ ಜೋತು ಬಿದ್ದಿರುವಾಗಲೇ, ಆ ಬೋಲ್ಟ್ ಬಿಗಿ ಮಾಡಿ ಇಳಿಸುತ್ತಿದ್ದೆ. ಕಾರು ನೆಲಕ್ಕೆ ಬಂದ ತಕ್ಷಣ ರಬ್ಬರ್ ತಿರುಚಿಕೊಂಡೇ ಕೂರುತ್ತಿತ್ತು, ನಿಂತಾಗಲೂ ತಿರುಚಿಕೊಂಡೇ, ಓಡುವಾಗ ಇನ್ನಷ್ಟು. ಆರು ತಿಂಗಳಿಗೆ ಗಿರಾಕಿ ವಾಪಸ್ ಬಂದರು, ಹೊಸ ಬುಷ್ ಬಟ್ಟೆ ಹರಿದ ಹಾಗೆ ಹರಿದಿತ್ತು. ಪಾರ್ಟ್ ಡೂಪ್ಲಿಕೇಟ್ ಅಂತ ಅಂಗಡಿಯವನನ್ನು ಬೈದೆ. ಎರಡನೇ ಸಲವೂ ಹಾಗೇ ಆದಾಗ ಗೊತ್ತಾಯಿತು, ಡೂಪ್ಲಿಕೇಟ್ ಪಾರ್ಟ್ ಅಲ್ಲ, ನನ್ನ ಕೆಲಸ. ಬೋಲ್ಟ್ ಮೊದಲು ಕೈಬಿಗಿ ಮಾತ್ರ ಮಾಡಿ, ಕಾರಿನ ಭಾರ ಪೂರ್ತಿ ಚಕ್ರದ ಮೇಲೆ ಬಂದ ಮೇಲೆ ಕೊನೆ ಬಿಗಿ. ಹಿಂದಿನ ಬೀಮ್‌ನ ಬುಷ್‌ಗೂ ಇದೇ. ಮತ್ತೆ ಕಾರು ಇಳಿಸಿದಾಗ ನೀವು ಆರ್ಮ್ ಮುಟ್ಟದಿದ್ದರೂ ಆ ಬೋಲ್ಟ್‌ಗಳನ್ನು ಸಡಿಲಿಸಿ, ಹೊಸ ಎತ್ತರದಲ್ಲಿ ಮತ್ತೆ ಬಿಗಿ ಮಾಡಬೇಕು. ಆರ್ಮ್ ಸುಮಾರು 35 ಸೆಂ.ಮೀ. ಉದ್ದ ಅಂತಿಟ್ಟುಕೊಂಡರೆ 40 ಮಿ.ಮೀ. ಇಳಿಸಿದಾಗ ಅದು ಆರೂವರೆ ಡಿಗ್ರಿ ತಿರುಗಿರುತ್ತದೆ, ಅಷ್ಟೂ ತಿರುಚು ಹಳೇ ರಬ್ಬರ್ ಮೇಲೆ. ಕೆಲಸ ಮಾಡುವವರ ಹತ್ತಿರ ನಿಂತು ಇದೊಂದನ್ನು ಕೇಳಿ. ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಗೊತ್ತಾಗುತ್ತದೆ, ಕಾರು ಅಲ್ಲಿ ಬಿಡಬೇಕೋ ಬೇಡವೋ ಅಂತ.

ಹಾಂ, ಮನೆಯಲ್ಲೇ ಬಿಚ್ಚುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮುಂದಿನ ಸ್ಪ್ರಿಂಗ್‌ಗೆ ಕಂಪ್ರೆಸ್ಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಟೂಲ್) ಹಾಕದೆ ಮೇಲಿನ ನಟ್ ತೆಗೆದರೆ ಅದು ಚಿಮ್ಮಿ ಮುಖಕ್ಕೇ ಬರುತ್ತದೆ.

ಇಳಿದ ಕಾರು ತಿರುವಿನಲ್ಲಿ ಚೆನ್ನಾಗಿ ನಿಲ್ಲುತ್ತದೆ ಅನ್ನುವ ಮಾತು ಇದೆಯಲ್ಲ, ಅದಕ್ಕೂ ಒಂದು ಮಿತಿ ಇದೆ. ಕಾರು ನಿಂತಿರುವಾಗ ಮುಂದಿನ ಲೋಯರ್ ಆರ್ಮ್ ಒಳಗಿನಿಂದ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿಯೋ ಸಮವಾಗಿಯೋ ಇರುತ್ತದೆ. ಇಳಿಸುತ್ತಾ ಹೋದರೆ ಚಕ್ರದ ತುದಿ ಮೇಲೇರುತ್ತದೆ. ಈ ಥರದ ಮುಂದಿನ ಸಸ್ಪೆನ್ಷನ್‌ನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ, ಆ ಬಿಂದು ಕಾರಿಗಿಂತ ವೇಗವಾಗಿ ಕೆಳಗೆ ಹೋಗುತ್ತದೆ. ಕಾರಿನ ಭಾರಕ್ಕೂ ಆ ಬಿಂದುವಿಗೂ ಅಂತರ ಜಾಸ್ತಿ ಆದಷ್ಟೂ ವಾಲುವ ಬಲವೂ ಜಾಸ್ತಿ. ಸ್ಪ್ರಿಂಗ್ ಗಟ್ಟಿ ಇರುವುದರಿಂದ ನಮಗೆ ಅದು ಗೊತ್ತಾಗಲ್ಲ ಅಷ್ಟೇ. ಆರ್ಮ್ ಸಮ ಮಟ್ಟ ದಾಟಿ ಮೇಲೆ ಹೋದರೆ ತಿರುವಿನಲ್ಲಿ ಹೊರಗಿನ ಟೈರ್ ರಸ್ತೆಗೆ ನೆಟ್ಟಗೆ ಕೂರುವ ಬದಲು ಹೊರಕ್ಕೆ ಮಗುಚಲು ಶುರುಮಾಡುತ್ತದೆ. ದೇವರಾಯನದುರ್ಗ ಹತ್ತುವಾಗಿನ ತಿರುವುಗಳಲ್ಲಿ 25 ಇಳಿದ ನನ್ನ ಕಾರು ಕಂಪನಿ ಕಾರಿಗಿಂತ ನೆಮ್ಮದಿಯಾಗಿ ತಿರುಗುತ್ತದೆ, ಸ್ಟೇರಿಂಗ್ ಚುರುಕು ಅನ್ನಿಸುತ್ತದೆ. ಗೆಳೆಯರೊಬ್ಬರ 50 ಇಳಿದ ಕಾರು ಅದೇ ತಿರುವಿನಲ್ಲಿ ರಸ್ತೆಯ ಪ್ರತಿ ತೇಪೆಗೂ ಪಕ್ಕಕ್ಕೆ ಹಾರುತ್ತದೆ. ಬಂಪ್ ಸ್ಟಾಪ್ ಮೇಲೆ ಕೂತೇ ತಿರುಗುತ್ತಿರುತ್ತದೆ ಅದು.

ಅಲೈನ್‌ಮೆಂಟ್ ಮಾಡಿಸದೆ ಶೆಡ್ಡಿಂದ ನೇರ ಹೈವೇಗೆ ಹೋಗಬೇಡಿ. ಎತ್ತರ ಬದಲಾದರೆ ಚಕ್ರ ತಿರುಗಿಸುವ ಟೈ ರಾಡ್‌ನ ಕೋನ ಬದಲಾಗುತ್ತದೆ, ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಬದಲಾಗುತ್ತದೆ. ಇಳಿಸಿದ ಕಾರಿನ ಟೈರ್ ಒಳಗಡೆ ಸವೆಯುವುದು ಕ್ಯಾಂಬರ್‌ನಿಂದ, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನದಿಂದ ಅಂತ ಎಲ್ಲರೂ ಹೇಳುತ್ತಾರೆ. ಒಂದು ಒಂದೂವರೆ ಡಿಗ್ರಿ ಕ್ಯಾಂಬರ್ ಅಷ್ಟೇನೂ ತಿನ್ನಲ್ಲ, ತಿನ್ನುವುದು ಟೋ. ಒಟ್ಟು 3 ಮಿ.ಮೀ. ಟೋ ತಪ್ಪಿದೆ ಅಂದರೆ ಒಂದೊಂದು ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು ಎರಡೂವರೆ ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ಇಲ್ಲಿಂದ ಬೆಂಗಳೂರಿಗೆ 70 ಕಿ.ಮೀ. ಅಂತಿಟ್ಟುಕೊಂಡರೆ 175 ಮೀಟರ್ ಟಾರಿನ ಮೇಲೆ ಅಡ್ಡಡ್ಡ ಎಳೆದ ಹಾಗೆ. ಮುಂದೆ ನಿಮ್ಮ ಕಾರಲ್ಲಿ ಶಾಕಪ್ ಎರಡು ಬೋಲ್ಟ್‌ನಲ್ಲಿ ನಕಲ್‌ಗೆ (ಚಕ್ರ ಹಿಡಿದಿರುವ ಭಾಗಕ್ಕೆ) ಕೂರುತ್ತದೆ, ಎಡಬಲ ಕ್ಯಾಂಬರ್ ತುಂಬಾ ವ್ಯತ್ಯಾಸ ಬಂದರೆ ಒಂದರ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿ ಸರಿ ಮಾಡಬಹುದು. ಹಿಂದೆ ಬೀಮ್, ಅಲ್ಲಿ ತಿರುಗಿಸಲು ಏನೂ ಇಲ್ಲ. ಸ್ಪ್ರಿಂಗ್ ಹಾಕಿದ ಮೇಲೆ ಮುನ್ನೂರು ಕಿ.ಮೀ. ಓಡಿದಾಗ ಇನ್ನೂ ಕೆಲವು ಮಿ.ಮೀ. ಕೂರುತ್ತದೆ. ಆಗ ಅಲೈನ್‌ಮೆಂಟ್ ಇನ್ನೊಂದು ಸಲ ನೋಡಬೇಕು.

ಈಗ ಹಂಪ್‌ಗಳು. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಗುಂಡು, 25 ಕಿ.ಮೀ. ವೇಗದಲ್ಲಿ ದಾಟಲು. ಹತ್ತು ಸೆಂ.ಮೀ. ಅಂದ ತಕ್ಷಣ ಭಯ ಬೇಡ. ಅದು ನಿಮ್ಮ ಕಾರಿನ 2.45 ಮೀಟರ್ ವೀಲ್‌ಬೇಸ್‌ಗಿಂತ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಅಗಲ, ನಾಲ್ಕೂ ಚಕ್ರ ಅದರ ಮೇಲೇ ಇರುತ್ತವೆ. ಹೊಟ್ಟೆ ಕೆಳಗೆ ಉಬ್ಬು ಏಳುವುದು 44 ಮಿ.ಮೀ. ಮಾತ್ರ. ಅಂಥ ಹಂಪ್ ಆದರೆ 60 ಇಳಿದ ಕಾರೂ ಆರಾಮಾಗಿ ದಾಟುತ್ತದೆ. ಆದರೆ ನಮ್ಮ ಊರ ಮುಂದೆ ಇರುವುದು ಅದಲ್ಲವಲ್ಲ! ಯಾರೋ ಬೈಕಿಗೆ ಸಿಕ್ಕಿ ಬಿದ್ದ ಮಾರನೇ ದಿನವೇ ಊರಿನವರು ಸೇರಿ ಜಲ್ಲಿ ಸುರಿದು ಹಾಕಿದ ಹಂಪ್. ಒಂದು ಮೀಟರ್ ಅಗಲವೂ ಇರಲ್ಲ, ಎತ್ತರ ಅರ್ಧ ಗೇಣಿಗೆ ಸ್ವಲ್ಪ ಜಾಸ್ತಿ. ಮುಂದಿನ ಚಕ್ರ ದಾಟಿ ನೆಲಕ್ಕೆ ಬಂದಾಗ ಹಿಂದಿನದು ಇನ್ನೂ ಹತ್ತಿರಲ್ಲ, ಹಂಪ್‌ನ ಅಷ್ಟೂ ಎತ್ತರ ಹೊಟ್ಟೆ ಕೆಳಗೆ. 40 ಇಳಿಸಿದರೆ 163 ಹೋಗಿ 123 ಆಯಿತು, ಜನ ಕೂತು ಮಧ್ಯದಲ್ಲಿ ಇನ್ನೊಂದು 15 ಕೂತರೆ 108. 12 ಸೆಂ.ಮೀ. ಹಂಪ್‌ಗೆ ಸೈಲೆನ್ಸರ್ ಪೈಪೋ ಇಂಜಿನ್ ಚೇಂಬರ್ರೋ ಕೆರೆಯುವುದು ಗ್ಯಾರಂಟಿ. 25 ಇಳಿಸಿದರೆ ಅದೇ ಲೆಕ್ಕದಲ್ಲಿ 123, ಕೂದಲೆಳೆಯಲ್ಲಿ ದಾಟುತ್ತದೆ, ಓರೆಯಾಗಿ ಹತ್ತಿಸಿದರೆ.

ಮೂಟೆಯ ಲೆಕ್ಕ ಇದರ ಪಕ್ಕದಲ್ಲೇ ಇದೆ. 50 ಕೆ.ಜಿ.ಯ ಎರಡು ಬೂಸಾ ಮೂಟೆ ಡಿಕ್ಕಿಗೆ ಹಾಕಿದರೆ ಭಾರ ಹೆಚ್ಚುಕಮ್ಮಿ ಎಲ್ಲಾ ಹಿಂದಿನ ಚಕ್ರಗಳ ಮೇಲೆ, ಒಂದೊಂದು ಕಡೆ 50 ಕೆ.ಜಿ. 10 ಮಿ.ಮೀ. ಕುಗ್ಗಲು 20 ಕೆ.ಜಿ. ಬೇಕಾದ ಸ್ಪ್ರಿಂಗ್ ಇದೆ ಅಂತಿಟ್ಟುಕೊಳ್ಳಿ, ಹಿಂಭಾಗ 25 ಮಿ.ಮೀ. ಕೂರುತ್ತದೆ. ಶೇ. 30 ಗಟ್ಟಿ ಸ್ಪ್ರಿಂಗ್ ಆದರೆ 19 ಕೂರುತ್ತದೆ. "ಗಟ್ಟಿ ಸ್ಪ್ರಿಂಗ್ ಅಲ್ವಾ, ಲೋಡ್ ತಡೆಯುತ್ತೆ" ಅಂತ ಮಾರುವವರು ಹೇಳುವುದು ಈ ವ್ಯತ್ಯಾಸವನ್ನೇ. ಗಟ್ಟಿ ಇರುವುದರಿಂದ ಉಳಿದದ್ದು 6 ಮಿ.ಮೀ., ಇಳಿಸಿ ಕಳೆದದ್ದು 40. ಈ ಲೆಕ್ಕದಲ್ಲಿ ಗೆದ್ದವರು ನಿಮ್ಮ ಅಪ್ಪ.

ಕಾನೂನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಓನರ್‌ಗೆ 5 ಸಾವಿರ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಅಂತ ಇದೆ. ಆರ್.ಸಿ.ಯಲ್ಲಿ ಸ್ಪ್ರಿಂಗ್ ಉದ್ದ ಬರೆದಿರಲ್ಲ ನಿಜ. ಆದರೂ ನೆಲಕ್ಕೆ ಉಜ್ಜುವ ಹಾಗೆ ಇಳಿಸಿದ ಕೆಎ-06 ಕಾರು ಕ್ಯಾತ್ಸಂದ್ರ ಟೋಲ್ ಹತ್ತಿರ ನಿಂತರೆ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ಇನ್ಶೂರೆನ್ಸ್‌ನವರಿಗೆ ಮೊದಲೇ ಬರೆದು ತಿಳಿಸಿ, ಕ್ಲೇಮ್ ಸಮಯದಲ್ಲಿ ತಕರಾರು ಬೇಡ. ಬಿಚ್ಚಿದ ಹಳೇ ಸ್ಪ್ರಿಂಗ್ ನಾಲ್ಕೂ ಮನೆಯಲ್ಲಿ ಎತ್ತಿಡಿ, ಗುಜರಿಗೆ ಹಾಕಬೇಡಿ.

ನಾನಾಗಿದ್ದರೆ ನಿಮ್ಮ ಕಾರಿಗೆ ಏನು ಮಾಡುತ್ತಿದ್ದೆ? ಮುಂದೆ 25, ಹಿಂದೆ 15-20ಕ್ಕಿಂತ ಜಾಸ್ತಿ ಇಳಿಸದ ಸೆಟ್. ನಾಲ್ಕೂ ಹೊಸ ಶಾಕಪ್, ಮೌಂಟಿಂಗ್, ಬಂಪ್ ಸ್ಟಾಪ್, ಬೇಕಿದ್ದರೆ ಬುಷ್. ಒಟ್ಟಿಗೆ ದುಡ್ಡು ಇಲ್ಲ ಅಂದರೆ ಮೊದಲು ಶಾಕಪ್ ಹಾಕಿಸಿ ಒಂದೆರಡು ತಿಂಗಳು ಓಡಿಸಿ. ಲೇಬರ್ ಎರಡು ಸಲ ಆಗುತ್ತದೆ, ಗೊತ್ತು. ಆದರೆ 62 ಸಾವಿರದ ಶಾಕಪ್ ತೆಗೆದು ಹೊಸದು ಹಾಕಿದಾಗ ಕಾರು ಓಡುವ ರೀತಿಯೇ ಬದಲಾಗುತ್ತದೆ, ಅಷ್ಟಕ್ಕೇ ಸಮಾಧಾನವಾಗಿ ಇಳಿಸುವ ಆಸೆ ಬಿಟ್ಟವರೂ ಇದ್ದಾರೆ. ಹಿಂದೆ ಮುಂದೆ ಒಂದೇ ಅಳತೆಯಲ್ಲಿ ಇಳಿಯದಿದ್ದರೆ ಹೆಡ್‌ಲೈಟ್ ಕೂಡ ಗೋಡೆಗೆ ಬಿಟ್ಟು ಮತ್ತೆ ಸರಿ ಮಾಡಿಸಬೇಕು, ಹಲವರು ಇದನ್ನು ಮರೆಯುತ್ತಾರೆ.

ಸ್ಪ್ರಿಂಗ್ ಆರ್ಡರ್ ಮಾಡುವ ಮೊದಲು ನಾಲ್ಕೂ ಚಕ್ರದ ನಡುವಿನ ಬಿಂದುವಿನಿಂದ ಮೇಲಿನ ಆರ್ಚ್ ಅಂಚಿನ ತನಕ ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಕಾರು ಖಾಲಿ ಇರುವಾಗ ಒಂದು ಸಲ, ಡಿಕ್ಕಿಯಲ್ಲಿ ಬೂಸಾ ಇರುವಾಗ ಒಂದು ಸಲ. ಎಡಕ್ಕೂ ಬಲಕ್ಕೂ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಈಗಿರುವ ಸ್ಪ್ರಿಂಗೇ ಎಲ್ಲೋ ಮುರಿದಿರಬಹುದು, ಕೆಳಗಿನ ಸುತ್ತು ನೋಡಿ. ಕೇಬಲ್ ಟೈ ಎಲ್ಲಿಗೆ ಬಂತು ಅನ್ನುವುದನ್ನೂ ಬರೆದುಕೊಳ್ಳಿ. ಈ ಕಡೆ ಬಂದರೆ ಆ ಚೀಟಿ ಹಿಡಿದುಕೊಂಡು ಬನ್ನಿ, ಅಪ್ಪನನ್ನೂ ಕರೆತನ್ನಿ. ಬರುವ ದಾರಿಯಲ್ಲಿ ಮೂಟೆ ತಗೊಂಡಿದ್ದರೆ ಡಿಕ್ಕಿಯಲ್ಲೇ ಇರಲಿ, ಅದನ್ನು ಮಾತ್ರ ಇಳಿಸಬೇಡಿ.